ಮೀನುಮರಿ ಕೊಳ್ಳುವ ಮುನ್ನ: ಕಾಟ್ಲಾ, ರೋಹು, ಮೃಗಾಲ್ ಗುರುತಿಸುವ ಬಗೆ

ರಾಗಿ ಹೊಲದಲ್ಲಿ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ರೈತರು ಬೀಜವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ. ಬೇರೆ ಬೀಜ ಬೆರೆತಿದ್ದರೆ ಕಣ್ಣಿಗೇ ತಿಳಿಯುತ್ತದೆ. ಆದರೆ ಮೀನುಮರಿ ಬರುವುದು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ. ಒಳಗಿನ ನೂರಾರು ಮರಿಗಳು ನೋಟಕ್ಕೆ ಒಂದೇ ಬಗೆಯವು. ಜಾತಿ ತಪ್ಪಿದ್ದು ಗೊತ್ತಾಗುವುದು ಎಂಟು ಹತ್ತು ತಿಂಗಳ ಮೇಲೆ, ಬಲೆ ಎಳೆದಾಗ. ಅಷ್ಟರಲ್ಲಿ ಗೊಬ್ಬರ, ತವುಡು, ಹಿಂಡಿಗಳಿಗೆ ಹಣ ಖರ್ಚಾಗಿರುತ್ತದೆ. ಆದುದರಿಂದ ಮರಿಯ ಹಂತದಲ್ಲೇ ಜಾತಿ ಗುರುತಿಸುವುದನ್ನು ಕಲಿಯುವುದು ಲಾಭಕರ.

ಜಾತಿ ಗುರುತು ಏಕೆ ಬೇಕು?

ಈ ಮೂರೂ ಮೀನುಗಳು ಒಂದೇ ಹೊಂಡದಲ್ಲಿ ಬೆಳೆಯಲು ಕಾರಣ, ಅವು ಮೇಯುವ ನೆಲೆಗಳು ಬೇರೆ ಬೇರೆ. ಕಾಟ್ಲಾ ಮೇಲ್ಭಾಗದ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ. ರೋಹು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲ್ ತಳದ ಕೊಳೆತ ಸಾವಯವ ಪದಾರ್ಥವನ್ನು ತಿಂದು ಬದುಕುತ್ತದೆ. ಸಾಮಾನ್ಯವಾಗಿ ಇವುಗಳನ್ನು 4:3:3 ಪ್ರಮಾಣದಲ್ಲಿ ಬಿಡುತ್ತಾರೆ. ಐದಾರು ಅಡಿ ನೀರು ನಿಲ್ಲುವ, ಗೊಬ್ಬರ ಮತ್ತು ಆಹಾರ ಕೊಟ್ಟು ಸಾಕುವ 10 ಗುಂಟೆಯ ಹೊಂಡಕ್ಕೆ ಸುಮಾರು 500 ಬಲಿತ ಮರಿಗಳು ಬೇಕೆಂದರೆ, 200 ಕಾಟ್ಲಾ, 150 ರೋಹು, 150 ಮೃಗಾಲ್ ಆಗುತ್ತದೆ. ಕಾಟ್ಲಾ ಎಂದು ಕೊಂಡದ್ದೆಲ್ಲ ಮೃಗಾಲ್ ಆಗಿದ್ದರೆ ಮೇಲಿನ ಆಹಾರ ವ್ಯರ್ಥವಾಗಿ, ತಳದಲ್ಲಿ ಮೇವು ಸಾಲದೆ ಮೀನು ಬಡವಾಗುತ್ತದೆ.

ಹಿಂದೆ ಪ್ರವಾಹದ ನದಿಗಳಿಂದ ಮರಿ ಹಿಡಿದು ತರುತ್ತಿದ್ದರು. ಅದರಲ್ಲಿ ಕಳೆ ಮೀನು, ಹಿಂಸ್ರ ಮೀನುಗಳ ಮರಿಗಳೂ ಬೆರೆತಿರುತ್ತಿದ್ದವು. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿ ಅವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆ ಜಾತಿವಾರು ಮರಿ ಪಡೆಯುವುದು ಸಾಧ್ಯವಾಯಿತು. ಆದರೂ ಒಂದೇ ತೊಟ್ಟಿಯಲ್ಲಿ ಹಲವು ಜಾತಿಗಳಿಂದ ಮೊಟ್ಟೆ ಇಡಿಸಿದರೆ ಮಿಶ್ರತಳಿಗಳು ಹುಟ್ಟಬಹುದು. ಇವುಗಳಲ್ಲಿ ಎರಡು ಜಾತಿಗಳ ಲಕ್ಷಣಗಳೂ ಬೆರೆತಿರುತ್ತವೆ.

ಮೂರು ಜಾತಿಗಳ ಗುರುತುಗಳು

ಕಾಟ್ಲಾ: ತಲೆ ದೊಡ್ಡದು, ಮೈ ಅಗಲ. ಬಾಯಿ ಮೇಲ್ಮುಖವಾಗಿದ್ದು ಕೆಳದುಟಿ ದಪ್ಪ. ಮೀಸೆ ಇಲ್ಲ. ಸಣ್ಣ ಮರಿಯ ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುವುದಿಲ್ಲ.

ರೋಹು: ತಲೆ ಚಿಕ್ಕದು. ಬಾಯಿ ಕೆಳಮುಖ. ತುಟಿಗಳು ದಪ್ಪವಾಗಿದ್ದು ಅಂಚಿನಲ್ಲಿ ಜಾಲರಿನಂತೆ ಸೀಳಿರುತ್ತವೆ. ಇದೇ ಮುಖ್ಯ ಗುರುತು. ಮರಿಯ ಬಾಲದ ಬುಡದಲ್ಲಿ ಕಪ್ಪು ಗುರುತು ಇರುತ್ತದೆ. ಬೆಳೆದಂತೆ ಹುರುಪೆಗಳಿಗೆ ಕೆಂಪು ಛಾಯೆ ಬರುತ್ತದೆ.

ಮೃಗಾಲ್: ಮೈ ನೀಳ, ಬಣ್ಣ ಬೆಳ್ಳಿಯಂತೆ. ಮೂತಿ ಮೊಂಡು. ತುಟಿ ತೆಳು, ಜಾಲರು ಇಲ್ಲ. ಮರಿಯಲ್ಲಿ ಬಾಲದ ಬುಡದ ಕಪ್ಪು ಚುಕ್ಕೆ ಇದಕ್ಕೂ ಉಂಟು. ಆದ್ದರಿಂದ ರೋಹು, ಮೃಗಾಲ್‌ಗಳನ್ನು ಬೇರ್ಪಡಿಸಲು ಚುಕ್ಕೆಯೊಂದನ್ನೇ ನಂಬದೆ ತುಟಿಯನ್ನು ನೋಡಬೇಕು.

ಬೆರೆತು ಬರುವ ಇತರ ಗೆಂಡೆಗಳು

ಬೆಳ್ಳಿಗೆಂಡೆಯ ಬಾಯಿಯೂ ಮೇಲ್ಮುಖವಾದ್ದರಿಂದ ಅದನ್ನು ಕಾಟ್ಲಾ ಎಂದು ತಿಳಿಯುವುದುಂಟು. ಇದರ ಹುರುಪೆ ಬಹಳ ಸಣ್ಣವು, ಕಣ್ಣು ತಲೆಯ ಕೆಳಭಾಗದಲ್ಲಿರುತ್ತದೆ, ಹೊಟ್ಟೆಯ ನಡುವೆ ಏಣು ಇರುತ್ತದೆ. 1959ರಲ್ಲಿ ನಮ್ಮ ದೇಶಕ್ಕೆ ತಂದ ಈ ಮೀನು ಮೇಲ್ಭಾಗದ ಆಹಾರಕ್ಕೆ ಕಾಟ್ಲಾದೊಡನೆ ಪೈಪೋಟಿ ಮಾಡುತ್ತದೆ.

ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆಗಳಿವೆ. ಬೆನ್ನಿನ ರೆಕ್ಕೆ ಬಾಲದ ಕಡೆಗೆ ಉದ್ದವಾಗಿ ಚಾಚಿರುತ್ತದೆ. ಇದು ಕೆಟ್ಟ ಮೀನಲ್ಲ. ಆದರೆ ಮೃಗಾಲ್‌ನಂತೆ ಇದೂ ತಳದಲ್ಲಿ ಮೇಯುತ್ತದೆ, ಏರಿಯ ಮಣ್ಣನ್ನು ಕೆದಕುತ್ತದೆ, ನಿಂತ ನೀರಿನಲ್ಲೇ ಮರಿ ಮಾಡುತ್ತದೆ. ಬಿಡುವುದಾದರೆ ತಳದ ಮೀನಿನ ಪಾಲಿನಲ್ಲೇ ಇದನ್ನು ಲೆಕ್ಕ ಹಿಡಿಯಬೇಕು.

ಪರೀಕ್ಷಿಸುವ ಕ್ರಮ

ಒಂದು ಅಂಗುಲದ ಮರಿಯಲ್ಲಿ ತುಟಿ, ಮೀಸೆ ಸ್ಪಷ್ಟವಾಗಿ ಕಾಣುವುದಿಲ್ಲ. ಹೊಸಬರು ಮೂರು ಅಂಗುಲದ ಬಲಿತ ಮರಿ ಕೊಳ್ಳುವುದು ಮೇಲು. ಬೆಳಗಿನ ತಂಪು ಹೊತ್ತಿನಲ್ಲಿ ಮರಿಕೇಂದ್ರಕ್ಕೆ ಹೋಗಿ, ತೊಟ್ಟಿಯ ಒಂದೇ ಮೂಲೆಯಿಂದಲ್ಲದೆ ನಾಲ್ಕೈದು ಕಡೆಗಳಿಂದ 50 ಮರಿಗಳನ್ನು ಬಿಳಿ ಬೇಸಿನ್‌ಗೆ ತೆಗೆಸಿ. ಒಂದೊಂದನ್ನೇ ನೀರು ತುಂಬಿದ ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಜಾತಿವಾರು ಎಣಿಸಿ ಎರಡರಿಂದ ಗುಣಿಸಿದರೆ ನೂರಕ್ಕೆ ಎಷ್ಟೆಂಬ ಅಂದಾಜು ಸಿಗುತ್ತದೆ. ಪ್ರತಿ ಜಾತಿಯನ್ನೂ ಬೇರೆ ಚೀಲದಲ್ಲಿ ತುಂಬಿಸಿ, ರಸೀದಿಯಲ್ಲಿ ಜಾತಿ ಮತ್ತು ಸಂಖ್ಯೆಗಳನ್ನು ಬರೆಸಿಕೊಳ್ಳಿ. ಗುರುತು ಹತ್ತದ ಮರಿಗಳಿದ್ದರೆ ಹೊಂಡಕ್ಕೆ ಬಿಡಬೇಡಿ. ಎರಡು ಮೂರನ್ನು ನೀರಿನ ಬಾಟಲಿಯಲ್ಲಿ ಹಾಕಿಕೊಂಡು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ತೋರಿಸಿ, ತಿಳಿದುಕೊಂಡ ಮೇಲೆ ಬಿಡಿ.