ಇಂಜಿನ್ ಇಳಿಸುವ ಮುಂಚೆ ಚೀಟಿ ಬರೀರಿ

ವಲಾಂಡಿ, ನಿಲಂಗಾ, ಉದಗೀರ, ಉಮರ್ಗಾ. ಈ ಊರುಗಳ ಕಡೆ ಹಳೆಯ ಮಾರುತಿ 800 ಕಾರು ನೀವು ನೋಡಿರ್ತೀರಿ. ನಿಮ್ಮ ಮನೆಯಲ್ಲೇ ಒಂದು ಇರಬಹುದು. ನಿಮ್ಮ ಮಗ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರಬಹುದು. ಈ ಕಾರು 1983ರಲ್ಲಿ ಬಂತು. 2014ರಲ್ಲಿ ಇದರ ತಯಾರಿಕೆ ನಿಂತಿತು. ಕಾರಿಗೆ ವಯಸ್ಸಾದಂತೆ ಇಂಜಿನ್ ಸವೆಯುತ್ತದೆ. ಆಗ ಮಿಸ್ತ್ರಿ ಹೇಳುತ್ತಾರೆ: "ಇಂಜಿನ್ ಇಳಿಸಬೇಕ್ರಿ."

ಇಂಜಿನ್ ಇಳಿಸುವುದು ಅಂದರೇನು? ಇದರಲ್ಲಿ ಅಪಾಯ ಎಲ್ಲಿದೆ? ಓದು ಬರಹ ಇಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆ? ತಿಳಿಯೋಣ ಬರ್ರಿ.

ಮುಂದಿನ ಗಾಲಿ ಎಳೆಯುವ ಕಾರು

ಬಂಡಿಯನ್ನು ಎತ್ತುಗಳು ಮುಂದಿನಿಂದ ಎಳೆಯುತ್ತವೆ. ಹಿಂದಿನ ಗಾಲಿಗಳು ಸುಮ್ಮನೆ ಉರುಳುತ್ತವೆ. ಮಾರುತಿ 800 ಕೂಡ ಹಾಗೆಯೇ. ಇದರ ಮುಂದಿನ ಎರಡು ಗಾಲಿಗಳೇ ಕಾರನ್ನು ಎಳೆಯುತ್ತವೆ. ಅಂಬಾಸಡರ್ ಕಾರು ಹಾಗಲ್ಲ. ಅದರ ಇಂಜಿನ್ ಮುಂದೆ ಇದೆ. ಆದರೆ ಶಕ್ತಿ ಹೋಗುವುದು ಹಿಂದಿನ ಗಾಲಿಗೆ. ಅದಕ್ಕೆಂದೇ ಕಾರಿನ ಕೆಳಗೆ ಉದ್ದನೆಯ ಶಾಫ್ಟ್ ಇರುತ್ತದೆ.

ಮಾರುತಿಯಲ್ಲಿ ಇಂಜಿನ್ ಅಡ್ಡ ಕುಳಿತಿರುತ್ತದೆ. ಅದರ ಮಗ್ಗುಲಿಗೆ ಗೇರ್ ಬಾಕ್ಸ್. ಗೇರ್ ಬಾಕ್ಸಿನಿಂದ ಎಡಗಾಲಿಗೆ ಒಂದು ಎಕ್ಸಲ್, ಬಲಗಾಲಿಗೆ ಒಂದು ಎಕ್ಸಲ್. ಇಂಜಿನ್ ಅಡ್ಡ ಇಟ್ಟರೆ ಜಾಗ ಉಳಿಯುತ್ತದೆ. ಸಣ್ಣ ಕಾರಿನಲ್ಲೂ ನಾಲ್ಕು ಜನ ಕೂಡಬಹುದು. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿನಿ ಎಂಬ ಕಾರಿನಿಂದ ಈ ರೀತಿ ಹೆಸರಾಯಿತು. ಅದನ್ನು ರೂಪಿಸಿದವರು ಅಲೆಕ್ ಇಸಿಗೊನಿಸ್.

ಆದರೆ ಒಂದು ತೊಂದರೆ. ಎಲ್ಲ ಸಾಮಾನು ಬಾನೆಟ್ಟಿನ ಕೆಳಗೆ ಒತ್ತಾಗಿ ಕುಳಿತಿವೆ. ಅದಕ್ಕೇ ಇಂಜಿನ್ ಮತ್ತು ಗೇರ್ ಬಾಕ್ಸ್ ಎರಡನ್ನೂ ಕೂಡಿಸಿಯೇ ಹೊರಗೆ ತೆಗೆಯುವುದು ರೂಢಿ.

ಇಳಿಸುವುದು ಬೇಕೇ? ಮೊದಲು ಕೇಳ್ರಿ

ಪ್ರತಿ ರೋಗಕ್ಕೂ ಆಪರೇಷನ್ ಬೇಕಿಲ್ಲ. ಕಾರಿಗೂ ಹಾಗೆಯೇ.

ಕ್ಲಚ್ ಪ್ಲೇಟ್ ಸವೆದಿದೆಯೇ? ಗೇರ್ ಬಾಕ್ಸ್ ಅಷ್ಟೇ ಕೆಳಗೆ ಇಳಿಸಿದರೆ ಸಾಕು.

ಕಪ್ಪು ಹೊಗೆ ಬರುತ್ತದೆಯೇ? ಪೆಟ್ರೋಲ್ ಹೆಚ್ಚಾಗಿ ಸುಡುತ್ತಿದೆ. ಇದಕ್ಕೆ ಇಂಜಿನ್ ಇಳಿಸಬೇಕಿಲ್ಲ.

ನೀಲಿ ಹೊಗೆ ಬರುತ್ತದೆಯೇ? ಇಂಜಿನ್ ಆಯಿಲ್ ಸುಡುತ್ತಿದೆ. ಪಿಸ್ಟನ್ ರಿಂಗ್ ಸವೆದಿರಬಹುದು. ವಾಲ್ವ್ ಸೀಲ್ ಹೋಗಿರಬಹುದು. ಸೀಲ್ ಹೋಗಿದ್ದರೆ ಮೇಲಿನ ಕೆಲಸದಲ್ಲೇ ಮುಗಿಯುತ್ತದೆ. ಆದ್ದರಿಂದ ಮೊದಲು ಕಂಪ್ರೆಷನ್ ತಪಾಸಣೆ ಮಾಡಿಸ್ರಿ. "ಯಾಕೆ ಇಳಿಸಬೇಕು?" ಎಂದು ಮಿಸ್ತ್ರಿಯನ್ನು ಕೇಳ್ರಿ. ಕೇಳುವುದು ತಪ್ಪಲ್ಲ. ಹಣ ನಿಮ್ಮದು.

ಮೊದಲು ಜೀವ, ಆಮೇಲೆ ಕೆಲಸ

ಈ ಕೆಲಸದಲ್ಲಿ ಜನರು ಜೀವ ಕಳೆದುಕೊಂಡದ್ದುಂಟು. ಜಾಕ್ ಜಾರಿ ಕಾರು ಎದೆಯ ಮೇಲೆ ಬೀಳುತ್ತದೆ. ಚೈನ್ ಹರಿದು ಇಂಜಿನ್ ಕಾಲ ಮೇಲೆ ಬೀಳುತ್ತದೆ. ಆದ್ದರಿಂದ ಈ ಮಾತು ಮರೀಬ್ಯಾಡ್ರಿ.

ಜಾಕ್ ಇರುವುದು ಎತ್ತಲಿಕ್ಕೆ. ಹೊತ್ತು ನಿಲ್ಲಲಿಕ್ಕೆ ಅಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಇಡ್ರಿ. ಇಟ್ಟಂಗಿ ಇಡಬ್ಯಾಡ್ರಿ. ಇಟ್ಟಂಗಿ ಒಮ್ಮೆಲೇ ಒಡೆಯುತ್ತದೆ. ನೆಲ ಸಮತಟ್ಟು ಇರಲಿ. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕಟ್ಟಿಗೆ ಕೊಡ್ರಿ.

ಚೈನ್ ಪುಲ್ಲಿಯನ್ನು ಒಣಗಿದ ಕೊಂಬೆಗೆ ಕಟ್ಟಬ್ಯಾಡ್ರಿ. ಹುಳ ತಿಂದ ತೊಲೆಗೂ ಕಟ್ಟಬ್ಯಾಡ್ರಿ. ಬಾವಿಯ ಕೊಡ ಬಿದ್ದರೆ ಕೊಡ ಹೋಗುತ್ತದೆ. ಇಂಜಿನ್ ಬಿದ್ದರೆ ಮನುಷ್ಯ ಹೋಗುತ್ತಾನೆ. ತೂಗುವ ಇಂಜಿನ್ ಕೆಳಗೆ ಕೈ ಕೂಡ ಹಾಕಬಾರದು.

ಪೆಟ್ರೋಲ್ ಪೈಪ್ ಬಿಚ್ಚುವಾಗ ಹತ್ತಿರ ಬೀಡಿ, ಬೆಂಕಿ ಬೇಡ. ಬಿಚ್ಚಿದ ಪೈಪಿನ ಬಾಯಿ ಮುಚ್ರಿ.

ಬಿಚ್ಚುವ ಕ್ರಮ

1. ಇಂಜಿನ್ ಆರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

2. ಬ್ಯಾಟರಿ ವೈರ್ ಬಿಚ್ರಿ. ಮೊದಲು ಮೈನಸ್, ಆಮೇಲೆ ಪ್ಲಸ್. ಕೂಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್.

3. ಬಾನೆಟ್ ತೆಗೀರಿ. ಅದು ಕುಳಿತ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕ್ರಿ.

4. ಕೂಲೆಂಟ್, ಇಂಜಿನ್ ಆಯಿಲ್, ಗೇರ್ ಆಯಿಲ್ ಬೇರೆ ಬೇರೆ ಡಬ್ಬಿಗೆ ಇಳಿಸ್ರಿ. ನಾಲೆಗೆ ಚೆಲ್ಲಬ್ಯಾಡ್ರಿ. ಕೂಲೆಂಟ್ ಸಿಹಿ ಇರುತ್ತದೆ, ಆದರೆ ವಿಷ. ದನ, ನಾಯಿ ನೆಕ್ಕಿದರೆ ಸಾಯುತ್ತವೆ. ದೇವಣಿ ದನ ಸಾಕುವ ನಾಡು ನಮ್ಮದು. ಇದು ನೆನಪಿರಲಿ.

5. ರೇಡಿಯೇಟರ್, ರಬ್ಬರ್ ಪೈಪು, ವೈರುಗಳನ್ನು ತೆಗೀರಿ. ಆಮೇಲೆ ಎಕ್ಸಲೇಟರ್ ಕೇಬಲ್, ಕ್ಲಚ್ ಕೇಬಲ್, ಮೀಟರ್ ಕೇಬಲ್, ಗೇರ್ ರಾಡ್, ಸೈಲೆನ್ಸರ್ ಪೈಪ್.

6. ಎರಡೂ ಎಕ್ಸಲ್‌ಗಳ ಒಳತುದಿಯನ್ನು ಗೇರ್ ಬಾಕ್ಸಿನಿಂದ ಹೊರಗೆ ಎಳೀರಿ. ರಬ್ಬರ್ ಬೂಟ್ ಹರಿಯದಂತೆ ನೋಡ್ಕೊಳ್ರಿ. ಅದು ಹರಿದರೆ ಒಳಗೆ ಮಣ್ಣು ಹೋಗಿ ಜಾಯಿಂಟ್ ಕೆಡುತ್ತದೆ.

7. ಚೈನ್ ಬಿಗಿ ಮಾಡ್ರಿ. ಇಂಜಿನ್ ಭಾರ ಚೈನಿಗೆ ಬಂದ ಮೇಲೆಯೇ ಫೌಂಡೇಶನ್ ಬೋಲ್ಟ್ ಬಿಚ್ಚಬೇಕು. ಅದಕ್ಕಿಂತ ಮುಂಚೆ ಬಿಚ್ಚಬಾರದು.

8. ನಾಲ್ಕು ಬೆರಳು ಎತ್ತಿ ನಿಲ್ಲಿಸ್ರಿ. ಸುತ್ತಲೂ ನೋಡ್ರಿ. ಯಾವುದಾದರೂ ವೈರ್ ಇನ್ನೂ ಅಂಟಿಕೊಂಡಿದೆಯೇ? ಇಲ್ಲವೆಂದು ಖಾತ್ರಿ ಆದ ಮೇಲೆ ನಿಧಾನವಾಗಿ ಎತ್ರಿ.

9. ಕಟ್ಟಿಗೆ ದಿಮ್ಮಿಯ ಮೇಲೆ ಇಳಿಸಿ, ಆಮೇಲೆ ಗೇರ್ ಬಾಕ್ಸ್ ಬೇರೆ ಮಾಡ್ರಿ. ಗೇರ್ ಬಾಕ್ಸನ್ನು ನೇರವಾಗಿ ಎಳೆಯಬೇಕು. ಜೋತು ಬಿಟ್ಟರೆ ಕ್ಲಚ್ ಪ್ಲೇಟ್ ಕೆಡುತ್ತದೆ.

ಇದು ಒಬ್ಬರ ಕೆಲಸ ಅಲ್ಲ. ಬಲ್ಲ ಮಿಸ್ತ್ರಿ ಜೊತೆಗೆ ಇರಲೇಬೇಕು.

ಚೀಟಿಯ ಬಲ

ಬಿಚ್ಚಲಿಕ್ಕೆ ಪಾನಾ ಸಾಕು. ಕೂಡಿಸಲಿಕ್ಕೆ ಬರಹ ಬೇಕು.

ಇಂಜಿನ್ ಲೇತ್ ಅಂಗಡಿಗೆ ಹೋಗಿ ಬರಲು ದಿನಗಳು ಬೇಕು. ಅಷ್ಟರಲ್ಲಿ ಯಾವ ವೈರ್ ಎಲ್ಲಿತ್ತು ಎಂದು ಮರೆತುಹೋಗುತ್ತದೆ. ಇಂಜಿನ್ ಮತ್ತು ಬಾಡಿ ನಡುವಿನ ಅರ್ಥಿಂಗ್ ವೈರ್ ಮರೆತರೆ ಸೆಲ್ಫ್ ಸರಿಯಾಗಿ ತಿರುಗುವುದಿಲ್ಲ. ಕೇಬಲ್ ಬಿಸಿಯಾಗಿ ಸುಡಬಹುದು. ಗೇರ್ ಆಯಿಲ್ ಹಾಕುವುದು ಮರೆತರೆ ಗೇರ್ ಬಾಕ್ಸೇ ಹಾಳು.

ಅದಕ್ಕೇ ಹೀಗೆ ಮಾಡ್ರಿ. ಪ್ರತಿ ವೈರಿಗೆ ಒಂದು ಚೀಟಿ ಅಂಟಿಸ್ರಿ. ವೈರಿಗೆ 1 ಎಂದು ಬರೆದರೆ, ಅದು ಕೂಡುವ ಜಾಗಕ್ಕೂ 1 ಎಂದು ಬರೀರಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ಹೆಸರು ಬರೀರಿ. ನಮ್ಮ ಕಡೆ ಗ್ಯಾರೇಜಿನಲ್ಲಿ ಒಬ್ಬರು ಕನ್ನಡ ಓದುತ್ತಾರೆ, ಇನ್ನೊಬ್ಬರು ಮರಾಠಿ ಓದುತ್ತಾರೆ. ಕನ್ನಡದ ೩ ಮತ್ತು ಮರಾಠಿಯ ಮೂರು ಬೇರೆ ಬೇರೆ. ಆದ್ದರಿಂದ ಪಾನಾದ ಮೇಲಿರುವ 10, 12, 14 ಇಂಥ ಅಂಕಿಯನ್ನೇ ಬಳಸ್ರಿ. ಅದು ಇಬ್ಬರಿಗೂ ತಿಳಿಯುತ್ತದೆ. ಅಂದ ಹಾಗೆ, ಪಾನಾದ ಮೇಲಿನ ಅಂಕಿ ನಟ್ಟಿನ ತಲೆಯ ಅಗಲ. 12 ಅಂದರೆ 12 ಮಿಲಿಮೀಟರ್.

ಕೊನೆಗೆ ಒಂದು ದೊಡ್ಡ ಕಾಗದ ತಗೊಳ್ರಿ. "ಆಯಿಲ್ ಇಲ್ಲ, ನೀರು ಇಲ್ಲ, ಚಾಲು ಮಾಡಬೇಡಿ" ಎಂದು ಬರೆದು ಸ್ಟೇರಿಂಗಿಗೆ ಕಟ್ರಿ. ಎಲ್ಲ ತುಂಬಿದ ಮೇಲೆಯೇ ಅದನ್ನು ಬಿಚ್ರಿ.

ಇಂಜಿನ್ ನಂಬರ್ ಓದ್ರಿ

ಪ್ರತಿ ಇಂಜಿನ್ ಮೇಲೆ ಒಂದು ನಂಬರ್ ಕೊರೆದಿರುತ್ತದೆ. ಅದೇ ನಂಬರ್ ಆರ್‌ಸಿಯಲ್ಲೂ ಇರುತ್ತದೆ. ಲಾತೂರಿನ ಎಂಎಚ್ 24 ಗಾಡಿ ಇರಲಿ, ಬೀದರಿನ ಕೆಎ 38 ಗಾಡಿ ಇರಲಿ, ನಿಯಮ ಒಂದೇ. ಇಂಜಿನ್ ಬಿಡುವ ಮುಂಚೆ ನಂಬರ್ ಬರೆದುಕೊಳ್ರಿ. ಮರಳಿ ಬಂದಾಗ ತಾಳೆ ನೋಡ್ರಿ.

ಬೇರೆ ಹಳೆಯ ಇಂಜಿನ್ ಕೂಡಿಸಿದರೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ರಸೀದಿ ಇಲ್ಲದ ಇಂಜಿನ್ ಕೊಳ್ಳಬ್ಯಾಡ್ರಿ. ಅದು ಕಳುವಿನ ಮಾಲು ಆಗಿದ್ದರೆ ಪೊಲೀಸರು ನಿಮ್ಮ ಮನೆಗೇ ಬರುತ್ತಾರೆ.

ನೀವು ಕಲಿತ ಅಕ್ಷರ, ಅಂಕಿ ಪಾಟಿಯ ಮೇಲೆ ಮಾತ್ರ ಇರಬಾರದು. ಅದು ವೈರಿಗೆ ಅಂಟಿದ ಚೀಟಿಯಲ್ಲೂ ಇರಲಿ.

ಅಭ್ಯಾಸ

1. ಈ ಹೆಸರುಗಳನ್ನು ಚೀಟಿಯಲ್ಲಿ ಬರೀರಿ: ಬ್ಯಾಟರಿ, ಸೆಲ್ಫ್, ಕ್ಲಚ್ ಕೇಬಲ್, ಅರ್ಥಿಂಗ್ ವೈರ್, ಗೇರ್ ಆಯಿಲ್.
2. ಬ್ಯಾಟರಿಯ ಯಾವ ವೈರ್ ಮೊದಲು ಬಿಚ್ಚಬೇಕು?
3. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾಕೆ ಹೋಗಬಾರದು?
4. ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ಆರ್‌ಸಿ ನೋಡ್ರಿ. ಇಂಜಿನ್ ನಂಬರ್ ಹುಡುಕಿ ಓದ್ರಿ.