ಫೋನು ದುಬೈನಲ್ಲಿ, ಇಂಟರ್ನೆಟ್ಟು ಭಾರತದಲ್ಲಿ

ಬೆಂಗಳೂರಿನಿಂದ ಅಣ್ಣ ತಮ್ಮ ಇಬ್ಬರೂ ಒಂದೇ ವಿಮಾನದಲ್ಲಿ ದುಬೈಗೆ ಹೋಗಿ ಇಳಿದರು ಎನ್ನಿ. ಅಣ್ಣ ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡಿದ್ದಾನೆ. ತಮ್ಮ ಅಲ್ಲಿನ ಏರ್‌ಪೋರ್ಟಿನಲ್ಲಿ ಲೋಕಲ್ ಸಿಮ್ ಕೊಂಡಿದ್ದಾನೆ. ಅಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಾಲ್ ಮಾಡಲು ಹೊರಟರೆ ತಮ್ಮನ ಮೆಸೇಜು ಹೋಗುತ್ತದೆ, ಕಾಲ್ ಮಾತ್ರ ಕನೆಕ್ಟ್ ಆಗುವುದಿಲ್ಲ. ಅಣ್ಣನದು ಸಾಮಾನ್ಯವಾಗಿ ಸಲೀಸಾಗಿ ಆಗುತ್ತದೆ. ಇಬ್ಬರ ಫೋನಿಗೂ ಸಿಗ್ನಲ್ ಕೊಡುತ್ತಿರುವುದು ಒಂದೇ ಟವರ್ ಆಗಿದ್ದರೂ ಹೀಗೇ.

ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ ಇದೆ. ಅಲ್ಲಿನ ಸಿಮ್ಮಿನ ಡೇಟಾ ಅಲ್ಲೇ ಇಂಟರ್ನೆಟ್ಟಿಗೆ ಸೇರುವುದರಿಂದ ತಡೆ ಅದಕ್ಕೆ ತಗಲುತ್ತದೆ. ರೋಮಿಂಗ್‌ನಲ್ಲಿರುವ ನಮ್ಮ ಸಿಮ್ಮಿನ ಕಥೆ ಬೇರೆ. ಅದರ ಡೇಟಾವನ್ನು ಅಲ್ಲಿನ ಕಂಪನಿ ಎತ್ತಿಕೊಂಡು, ಮೊಬೈಲ್ ಕಂಪನಿಗಳ ನಡುವಿನ ಖಾಸಗಿ ಜಾಲದ ಮೂಲಕ ಭಾರತದಲ್ಲಿರುವ ನಮ್ಮ ಕಂಪನಿಯ ಗೇಟ್‌ವೇಗೆ ಕಳಿಸುತ್ತದೆ. ಅದು ಇಂಟರ್ನೆಟ್ಟಿಗೆ ಸೇರುವುದು ಇಲ್ಲಿ. ಐಪಿ ವಿಳಾಸವೂ ಭಾರತದ್ದೇ ಆಗಿರುತ್ತದೆ. ಗೂಗಲ್, ವಾಟ್ಸ್‌ಆ್ಯಪ್ ಎರಡೂ ನಿಷಿದ್ಧವಾಗಿರುವ ಚೀನಾದಲ್ಲೂ ರೋಮಿಂಗ್ ಸಿಮ್ಮಿನಲ್ಲಿ ಅವು ಸಾಮಾನ್ಯವಾಗಿ ತೆರೆದುಕೊಳ್ಳುವುದು ಇದೇ ಕಾರಣಕ್ಕೆ.

ಈ ಸುತ್ತುದಾರಿಗೆ ತೆರಬೇಕಾದ ಬೆಲೆಯೂ ಇದೆ. ನ್ಯೂಯಾರ್ಕ್‌ನಲ್ಲಿ ನಿಂತು ಪಕ್ಕದ ನ್ಯೂಜೆರ್ಸಿಯ ಸರ್ವರಿನಲ್ಲಿರುವ ಪುಟವೊಂದನ್ನು ತೆರೆಯುತ್ತೀರಿ. ನಿಮ್ಮ ಕೋರಿಕೆ ಸುಮಾರು 13 ಸಾವಿರ ಕಿಲೋಮೀಟರ್ ದಾಟಿ ಭಾರತಕ್ಕೆ ಬಂದು, ಅಷ್ಟೇ ದೂರ ವಾಪಸು ಅಮೆರಿಕಕ್ಕೆ ಹೋಗುತ್ತದೆ. ಉತ್ತರವೂ ಹಾಗೇ ಸುತ್ತಿಕೊಂಡು ಬರಬೇಕು. ಒಟ್ಟು 50 ಸಾವಿರ ಕಿಲೋಮೀಟರಿಗೂ ಹೆಚ್ಚು. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡಿದರೂ ಪ್ರತಿ ಸಲ ಕಾಲು ಸೆಕೆಂಡು ದಾರಿಯಲ್ಲೇ ಕಳೆಯಿತು. ಒಂದು ಪುಟ ತೆರೆಯಲು ಇಂಥ ಓಡಾಟ ಹತ್ತಾರು ಬಾರಿ ನಡೆಯುತ್ತದೆ. ಫುಲ್ ಸಿಗ್ನಲ್ ಇದ್ದರೂ ರೋಮಿಂಗ್ ಮಂದಗತಿಯಲ್ಲಿ ನಡೆಯುತ್ತಿದೆ ಅನ್ನಿಸುವುದು ಇದರಿಂದ.

ಈಗ ಎಲ್ಲರ ಬಾಯಲ್ಲಿರುವ ಪ್ರವಾಸಿ ಇ-ಸಿಮ್ ರೋಮಿಂಗ್, ಲೋಕಲ್ ಸಿಮ್ ಎರಡರ ನಡುವಿನದು. ಪ್ಲಾಸ್ಟಿಕ್ ಚಿಪ್ ಇಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಿಮ್ಮಿನ ವಿವರ ಫೋನಿನೊಳಗೇ ಇಳಿಯುತ್ತದೆ. ನಿಮ್ಮ ಫೋನಿಗೆ ಇದು ಹೊಂದುತ್ತದೋ ಇಲ್ಲವೋ ನೋಡಲು *#06# ಒತ್ತಿ. ಐಎಂಇಐ ಜೊತೆಗೆ ಇಐಡಿ ಎಂಬ 32 ಅಂಕಿಯ ಸಂಖ್ಯೆ ಬಂದರೆ ಹೊಂದುತ್ತದೆ. ಪ್ರವಾಸಿ ಇ-ಸಿಮ್‌ಗಳಲ್ಲಿ ಎಷ್ಟೋ ಮೂರನೆಯ ದೇಶದ ಕಂಪನಿಯವು. ಟೋಕಿಯೊದಲ್ಲಿ ಕೂತ ನಿಮ್ಮನ್ನು ವೆಬ್‌ಸೈಟು ಹಾಂಗ್‌ಕಾಂಗಿನವರೆಂದು ತಿಳಿದರೆ ಗಾಬರಿ ಬೇಡ, ಡೇಟಾ ಅಲ್ಲಿಗೆ ಹೋಗಿ ಹೊರಬೀಳುತ್ತಿದೆ ಅಷ್ಟೆ. ಬ್ಯಾಂಕಿನ ಆ್ಯಪ್ ಇದಕ್ಕೆ ಕ್ಯಾತೆ ತೆಗೆಯಬಹುದು. ಇನ್ನೊಂದು ಮಾತು: ಇಂಥ ಇ-ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅದಿಲ್ಲವೆಂದು 2024ರ ಜನವರಿಯಲ್ಲಿ ಏರಾಲೊ, ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್‌ಗಳಿಂದ ತೆಗೆಸಲಾಯಿತು.

ಯುರೋಪಿಗೆ ಹೋಗುವವರಿಗೆ ಲೋಕಲ್ ಸಿಮ್ಮೇ ಲಾಭ. 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದೊಳಗೆ ರೋಮಿಂಗ್‌ಗೆಂದು ಪ್ರತ್ಯೇಕ ದರ ಇಲ್ಲ. ಪ್ಯಾರಿಸ್ಸಿನಲ್ಲಿ ಕೊಂಡ ಸಿಮ್ ರೋಮ್‌ನಲ್ಲೂ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಆಲ್ಪ್ಸ್ ನೋಡುವ ಆಸೆಯಿದ್ದರೆ ಪ್ಲಾನಿನಲ್ಲಿ ಅದರ ಹೆಸರಿದೆಯೇ ಎಂದು ಮೊದಲೇ ಓದಿಕೊಳ್ಳಿ.

ಇಷ್ಟಾದರೂ ಭಾರತದ ಸಿಮ್ಮನ್ನು ತೆಗೆದು ಪರ್ಸಿನಲ್ಲಿಡಬೇಡಿ. ಒಟಿಪಿ ಬರುವುದು ಅದಕ್ಕೇ. ರೋಮಿಂಗ್‌ನಲ್ಲಿ ಒಳಬರುವ ಎಸ್ಸೆಮ್ಮೆಸ್ಸಿಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಕರೆ ಎತ್ತಿದರೆ ಬಿಲ್ ಬೀಳುತ್ತದೆ. ನನಗೆ ಮೆಚ್ಚಿಕೆಯಾದ ಏರ್ಪಾಡು ಹೀಗಿದೆ: ಇಂಟರ್ನೆಟ್ಟಿಗೆ ಇ-ಸಿಮ್, ಒಟಿಪಿಗೆ ಭಾರತದ ಸಿಮ್, ಅದರ ಡೇಟಾ ರೋಮಿಂಗ್ ಆಫ್. ಐಫೋನಿನಲ್ಲಾದರೆ ಒಂದು ಸಿಮ್ಮಿನಿಂದ ಇನ್ನೊಂದಕ್ಕೆ ಡೇಟಾ ತಾನಾಗಿ ಹಾರುವ ಆಯ್ಕೆಯನ್ನೂ ಆಫ್ ಮಾಡಬೇಕು. ಇ-ಸಿಮ್ ಹಾಕಿಯೂ ಇಂಟರ್ನೆಟ್ ಬಾರದಿದ್ದರೆ ಅದರ ಡೇಟಾ ರೋಮಿಂಗ್ ಆನ್ ಇದೆಯೇ ನೋಡಿ. ಮೂರನೆಯ ದೇಶದ ಸಿಮ್ ಎಂದ ಮೇಲೆ ಅದಕ್ಕೂ ಎಲ್ಲೆಲ್ಲೂ ರೋಮಿಂಗೇ.

ಭಾರತದ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆಯನ್ನು ಇಲ್ಲಿರುವಾಗಲೇ ಆನ್ ಮಾಡಿಸಿರಬೇಕು. ಅಲ್ಲಿಗೆ ಹೋದ ಮೇಲೆ ಮಾಡಿಸಲು ಹೊರಟರೆ ಕಂಪನಿಯ ಆ್ಯಪ್ ಒಟಿಪಿ ಕೇಳುತ್ತದೆ. ಸೇವೆ ಇಲ್ಲದೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಸೇವೆ ಶುರುವಾಗುವುದಿಲ್ಲ. ಬಾಣಂತನಕ್ಕೆಂದು ಆರು ತಿಂಗಳು ಮಗಳ ಮನೆಗೆ ಹೊರಟ ಅಪ್ಪ ಅಮ್ಮಂದಿರು ಪ್ರಿಪೇಯ್ಡ್ ವ್ಯಾಲಿಡಿಟಿಯನ್ನೂ ಅಷ್ಟು ದಿನಕ್ಕೆ ಸಾಲುವಂತೆ ಮಾಡಿಸಿಕೊಳ್ಳಬೇಕು. ನಡುವೆ ಮುಗಿದರೆ ಪೆನ್ಷನ್ ಖಾತೆಯ ಒಟಿಪಿಯೂ ನಿಲ್ಲುತ್ತದೆ.

ಕೊನೆಗೆ, ವಿಮಾನ ಹತ್ತಿದ ಕೂಡಲೇ ಫ್ಲೈಟ್ ಮೋಡ್ ಹಾಕಿ. ಕೆಲವು ವಿಮಾನಗಳಲ್ಲಿ ಅವುಗಳದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ಡೇಟಾ ರೋಮಿಂಗ್ ಆನ್ ಇಟ್ಟುಕೊಂಡು ನಿದ್ದೆಹೋದರೆ ಫೋನು ಅದಕ್ಕೆ ಅಂಟಿಕೊಂಡು ಫೋಟೊ ಬ್ಯಾಕಪ್ ಶುರುಮಾಡಬಹುದು. ನೀವು ಕೊಂಡ ದೇಶದ ಪ್ಯಾಕ್ ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಆಕಾಶಕ್ಕೆ ಬೇರೆ ಪ್ಯಾಕ್, ಬೇರೆ ದರ.