ಪರರ ಕುದುರೆ, ತನ್ನ ಹೊಣೆ

2011ರ ಮೇ ತಿಂಗಳ ಮೊದಲ ದಿನಗಳು. ಅಮೆರಿಕದ ಯೂಟಾ ರಾಜ್ಯದ ಆಗ್ಡನ್‌ನಲ್ಲಿ ದೊಡ್ಡದೊಂದು ಕುದುರೆ ಸ್ಪರ್ಧೆ ಮುಗಿದು, ಬಂದ ಕುದುರೆಗಳೆಲ್ಲ ತಂತಮ್ಮ ಲಾಯಗಳಿಗೆ ಮರಳಿದವು. ಜೊತೆಗೆ ಇಎಚ್‌ವಿ-1 ಎಂಬ ಹರ್ಪಿಸ್ ವೈರಸ್ಸೂ ಊರೂರಿಗೆ ಹೋಯಿತು. 90 ಕುದುರೆಗಳಲ್ಲಿ ಸೋಂಕು ಖಚಿತವಾಯಿತು, 13 ಉಳಿಯಲಿಲ್ಲ. ಆಗ್ಡನ್ನಿನ ಮುಖವನ್ನೇ ನೋಡದ ಕುದುರೆಗಳೂ ಹಾಸಿಗೆ ಹಿಡಿದವು.

ಅಲ್ಲಿ ಬಹಳ ಮಂದಿ ಕುದುರೆಯನ್ನು ಮನೆಯಲ್ಲಿ ಸಾಕುವುದಿಲ್ಲ. ತಿಂಗಳಿಗಿಷ್ಟೆಂದು ಹಣ ಕೊಟ್ಟು ಬೇರೆಯವರ ಲಾಯದಲ್ಲಿ ಬಿಡುತ್ತಾರೆ. ಒಂದೇ ಸೂರಿನಡಿ ಹತ್ತಾರು ಮಾಲೀಕರ ಕುದುರೆಗಳು. ಒಂದು ಸ್ಪರ್ಧೆಗೆ ಹೋಗಿಬರುತ್ತದೆ, ಪಕ್ಕದ ಗೂಡಿನದು ಗಬ್ಬದ ಕುದುರೆ. ಇವನ್ನೆಲ್ಲ ಕಾಯುವ ಮೇಲ್ವಿಚಾರಕರ ಕಸುಬುದಾರಿಕೆ ಬೆಳಕಿಗೆ ಬರುವುದು ಇಂಥ ಪಿಡುಗಿನ ಕಾಲದಲ್ಲೇ.

ಈ ವೈರಸ್ಸು ಕೆಮ್ಮು, ನೆಗಡಿ ತರುತ್ತದೆ, ಗಬ್ಬ ಕಳೆಯುತ್ತದೆ. ಕೆಲವು ಕುದುರೆಗಳಲ್ಲಿ ಬೆನ್ನುಹುರಿಯ ರಕ್ತನಾಳಗಳನ್ನು ಕೆಡಿಸುತ್ತದೆ. ಆಗ ಹಿಂಗಾಲುಗಳು ತಡವರಿಸುತ್ತವೆ, ಮೂತ್ರ ತೊಟ್ಟಿಕ್ಕುತ್ತದೆ, ಮಲಗಿದ ಕುದುರೆ ಏಳುವುದಿಲ್ಲ. ಈ ನರರೋಗವನ್ನು ತಡೆಯುತ್ತೇನೆಂದು ಭರವಸೆ ಕೊಡುವ ಲಸಿಕೆ ಇಲ್ಲ. ಮೇಲಾಗಿ ಮರಿಯಾಗಿದ್ದಾಗಲೇ ಮೈಸೇರಿದ ವೈರಸ್ಸು ಎಷ್ಟೋ ಕುದುರೆಗಳಲ್ಲಿ ಅಡಗಿ ಕೂತಿರುತ್ತದೆ. ಪ್ರಯಾಣದ ದಣಿವಿಗೆ ಎಚ್ಚರಗೊಳ್ಳುತ್ತದೆ. ಹಾಗಾಗಿ ಗೇಟಿಗೆ ಬೀಗ ಹಾಕಿದರಷ್ಟೇ ಸಾಲದು.

ನುರಿತವರು ನಂಬುವುದು ಥರ್ಮಾಮೀಟರನ್ನು. ಕಾಲು ತಡವರಿಸುವ ಕೆಲವು ದಿನ ಮೊದಲೇ ಜ್ವರ ಬರುತ್ತದೆ. ಎಷ್ಟೋ ಸಲ ಮೊದಲಿಗೆ ಸಿಗುವ ಸುಳಿವು ಅದೊಂದೇ. ಬೆಳಿಗ್ಗೆ, ಸಂಜೆ ಪ್ರತಿ ಕುದುರೆಯ ಮೈಬಿಸಿ ನೋಡಿ ಗೂಡಿನ ಬಾಗಿಲಲ್ಲೇ ಬರೆದಿಡುತ್ತಾರೆ. 38.5 ಡಿಗ್ರಿ ಸೆಲ್ಸಿಯಸ್ ದಾಟಿತೋ, ಪಶುವೈದ್ಯರಿಗೆ ಕರೆ. ಮೂಗಿನ ದ್ರವ, ರಕ್ತ ಎರಡೂ ಪಿಸಿಆರ್ ಪರೀಕ್ಷೆಗೆ. ನೋವಿನ ಔಷಧಿ ಕೊಡುವ ಮುನ್ನವೂ ಜ್ವರ ಅಳೆಯುತ್ತಾರೆ, ಏಕೆಂದರೆ ಆ ಔಷಧಿ ಜ್ವರವನ್ನೂ ಇಳಿಸಿ ಸುಳಿವು ಅಳಿಸಿಬಿಡುತ್ತದೆ.

ಎರಡನೆಯದು ಕೆಲಸದ ಸರದಿ. ಮೊದಲು ಆರೋಗ್ಯವಂತ ಕುದುರೆಗಳು, ಆಮೇಲೆ ಸೋಂಕಿತ ಕುದುರೆಗಳ ಬಳಿ ಇದ್ದವು, ಕೊನೆಗೆ ಕಾಯಿಲೆಯವು. ಈ ಸರದಿ ಹಿಂದುಮುಂದಾಗಕೂಡದು. ಕಾಯಿಲೆ ಕುದುರೆಗೆ ಬೇರೆ ಆಳು, ಬೇರೆ ಬಕೆಟ್, ಬೇರೆ ಬ್ರಷ್. ಬೆರೆಯದಂತೆ ಬಣ್ಣದ ಪಟ್ಟಿ. ನೀರು ತುಂಬುವಾಗ ಪೈಪಿನ ತುದಿ ಬಕೆಟ್ಟಿನ ನೀರಿಗೆ ತಾಗಬಾರದು. ತಾಗಿದರೆ ಅದೇ ಪೈಪು ಲಾಯದುದ್ದಕ್ಕೂ ಸೋಂಕು ಹಂಚುತ್ತದೆ. ಲದ್ದಿ ಅಂಟಿದ ನೆಲಕ್ಕೆ ಬ್ಲೀಚ್ ಸುರಿದು ಫಲವಿಲ್ಲ, ಕೊಳೆಯೇ ಅದರ ಸತ್ವ ಹೀರುತ್ತದೆ. ಗುಡಿಸಿ, ಸೋಪಿನಿಂದ ಉಜ್ಜಿ ತೊಳೆದು, ನೆಲ ಒಣಗಿದ ಮೇಲೆಯೇ ಸೋಂಕುನಾಶಕ.

ಎಲ್ಲಕ್ಕಿಂತ ಕಷ್ಟದ್ದು ಮಾಲೀಕರನ್ನು ಸಂಭಾಳಿಸುವುದು. ಸುದ್ದಿ ತಿಳಿದೊಡನೆ ಕುದುರೆಯನ್ನು ಬೇರೆಡೆಗೆ ಸಾಗಿಸಲು ಹಾತೊರೆಯುತ್ತಾರೆ. ರೋಗ ಹಬ್ಬುವುದೇ ಹಾಗೆ. ಒಳ್ಳೆಯ ಮೇಲ್ವಿಚಾರಕರು ಅಂದೇ ಎಲ್ಲರಿಗೂ ನಿಜ ಹೇಳಿ, ಒಳಗಿನದು ಹೊರಹೋಗದಂತೆ, ಹೊರಗಿನದು ಒಳಬಾರದಂತೆ ಲಾಯ ಮುಚ್ಚುತ್ತಾರೆ. ಕೊನೆಯ ರೋಗಿ ಚೇತರಿಸಿದ ಮೇಲೂ ಸಾಮಾನ್ಯವಾಗಿ 21ರಿಂದ 28 ದಿನ ಕಾಯುತ್ತಾರೆ.

ಕುದುರೆ ಬಿಡಲು ಲಾಯ ಹುಡುಕುವವರು ಬಾಡಿಗೆ ವಿಚಾರಿಸುವ ಮೊದಲು ಎರಡನ್ನು ಕೇಳಿ ನೋಡಲಿ: ಹೊಸ ಕುದುರೆಯನ್ನು ಬೇರೆಯಾಗಿಡುವ ಜಾಗ, ಜ್ವರ ಬರೆದಿಡುವ ಪಟ್ಟಿ. ಅವೆರಡೂ ಇಲ್ಲದ ಲಾಯ ಎಷ್ಟು ಅಗ್ಗವಾದರೂ ದುಬಾರಿಯೇ.